ಮೂರು ಸರಪಳಿ, ಸೊನ್ನೆ ಆಣೆ

ಸಮನ್ಸಿನಲ್ಲಿ ತನ್ನ ಹೆಸರಿನ ಕೆಳಗೆ ‘ತಜ್ಞ ಸಾಕ್ಷಿ’ ಎಂದು ಬರೆದಿದ್ದನ್ನು ಮಾಸ್ತಪ್ಪ ಬಸ್ಸಿನಲ್ಲಿ ಕೂತು ನಾಲ್ಕನೇ ಸಲ ಓದಿ, ಮಡಚಿ ಜೇಬಿಗೆ ಇಟ್ಟುಕೊಂಡ. ಸೊರಬ ಬಿಟ್ಟು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಶಿರಾಳಕೊಪ್ಪ ಬರಬೇಕು, ಆಮೇಲೆ ಶಿಕಾರಿಪುರ, ಅಲ್ಲಿ ಹನ್ನೊಂದಕ್ಕೆ ಕೋರ್ಟು. ಸರ್ವೆ ಇಲಾಖೆಯಿಂದ ನಿವೃತ್ತನಾಗಿ ಐದು ವರ್ಷವಾಗಿದ್ದರೂ ಹಳೆಯ ಕೇಸೊಂದು ಅವನನ್ನು ಬಿಟ್ಟಿರಲಿಲ್ಲ. ಕೆಳಗಿನ ಕೋರ್ಟಿನಲ್ಲಿ ಅವನ ಅಳತೆಯನ್ನೇ ನಂಬಿ ತೀರ್ಪಾಗಿತ್ತು. ಸೋತವರು ಮೇಲ್ಮನವಿ ಹಾಕಿದ್ದರು. ಈಗ ಮೇಲಿನ ನ್ಯಾಯಾಧೀಶರು, ಅಳತೆ ಮಾಡಿದವರನ್ನು ಇನ್ನೊಮ್ಮೆ ಕರೆಸಿ, ಒಂದು ವಿಷಯ ಕೇಳುವುದಿದೆ ಎಂದಿದ್ದರು. ಒಂದೇ ವಿಷಯ. ಅದು ಯಾವುದೆಂದು ಸಮನ್ಸಿನಲ್ಲಿ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಬೆಳಿಗ್ಗೆ ಕುಪ್ಪಗಡ್ಡೆಯ ಮನೆಯಲ್ಲಿ ಹೆಂಡತಿ ವರದಮ್ಮ ಅವನ ಅಂಗಿಗೆ ಗುಂಡಿ ಹಾಕುತ್ತ, “ಹೋಗಿ ಹೇಳಿ ಬನ್ನಿ, ಅಷ್ಟೆ. ಎಂತಕ್ಕೆ ಇಷ್ಟು ತಲೆ ಕೆಡಿಸ್ಕತೀರಿ? ನೀವೇನು ಕದ್ದೀರಾ?” ಎಂದಿದ್ದಳು. ಕದ್ದೀರಾ ಎಂಬ ಮಾತಿಗೆ ಅವನ ಕೈ ತಾನಾಗಿ ಅಂಗಿಯ ಕಾಲರಿಗೆ ಹೋಗಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ ಎಂದು ಈಗ ಬಸ್ಸಿನಲ್ಲಿ ಅನ್ನಿಸಿತು.

ಕೆಳಗಿನ ಕೋರ್ಟಿನ ತೀರ್ಪಿನ ಝೆರಾಕ್ಸ್ ಪ್ರತಿಯೊಂದು ಅವನ ಮನೆಯ ಟ್ರಂಕಿನಲ್ಲಿತ್ತು. ಅದರ ಒಂಬತ್ತನೇ ಪುಟದಲ್ಲಿ, ‘ಮೂವತ್ತೊಂದು ವರ್ಷಗಳ ಅನುಭವವುಳ್ಳ ಈ ಭೂಮಾಪಕರ ವರದಿಯನ್ನು ಶಂಕಿಸಲು ಯಾವ ಕಾರಣವೂ ಕಾಣುವುದಿಲ್ಲ’ ಎಂದು ಬರೆದಿತ್ತು. ನೆಂಟರು ಬಂದಾಗ ವರದಮ್ಮ ಆ ಪುಟವನ್ನು ತೆಗೆದು ತೋರಿಸುತ್ತಿದ್ದಳು. ಮೊದಲ ಸಲ ತೋರಿಸಿದಾಗ ಬೇಡವೆನ್ನದೆ ಸುಮ್ಮನಿದ್ದ, ಎರಡನೇ ಸಲ ಹಿತ್ತಲಿಗೆ ಎದ್ದು ಹೋದ, ಆಮೇಲೆ ನೆಂಟರು ಬಂದರೆಂದರೇ ಕಸಿವಿಸಿಯಾಗತೊಡಗಿತು. ಇಲಾಖೆಯಲ್ಲಿ ಅವನಿಗೆ ಇನ್ನೊಂದು ಹೆಸರಿತ್ತು: ಕಣ್ಣಳತೆ ಮಾಸ್ತಪ್ಪ. ಮದುವೆ ಚಪ್ಪರದ ಕೆಳಗೆ ಊಟಕ್ಕೆ ಕೂತರೂ, ಸಾಹೇಬ್ರೇ ಇಲ್ಲಿಂದ ಆ ಕಂಬಕ್ಕೆ ಎಷ್ಟು ಹೇಳಿ ನೋಡಾಣ ಎಂದು ಯಾರಾದರೂ ಕೇಳುತ್ತಿದ್ದರು. ಅವನು ಕಣ್ಣು ಕಿರಿದು ಮಾಡಿ ಹೇಳುತ್ತಿದ್ದ. ಟೇಪು ಹಿಡಿದು ನೋಡಿದರೆ ಒಂದು ಗೇಣು ಆಚೀಚೆ ಇರುತ್ತಿರಲಿಲ್ಲ. ಜನ ಹೋ ಎನ್ನುತ್ತಿದ್ದರು. ಬೇರೆಯವರ ಗಂಡಂದಿರು ಹಾಡುತ್ತಿದ್ದರು, ತಬಲಾ ಬಾರಿಸುತ್ತಿದ್ದರು. ವರದಮ್ಮನ ಗಂಡ ದೂರ ಹೇಳುತ್ತಿದ್ದ.

ಬಸ್ಸು ಒಂದು ಹೊಂಡಕ್ಕೆ ಇಳಿದು ಎದ್ದಿತು. ಅವತ್ತು ಜೀಪು ಕೂಡ ಹೀಗೇ ಇಳಿದು ಎದ್ದಿತ್ತು, ಉಡುತಡಿಯ ಆಚೆಯ ಮಣ್ಣು ರಸ್ತೆಯಲ್ಲಿ. ಏಳು ವರ್ಷದ ಹಿಂದೆ, ಶಿವರಾತ್ರಿ ಕಳೆದ ವಾರ. ಕುರಿ ಸಾಕುವ ದೊಡ್ಡಬೀರಪ್ಪನಿಗೂ ಪಕ್ಕದ ಹೊಲದ ಮಹೇಶ್ವರಪ್ಪನಿಗೂ ಗಡಿ ಎಲ್ಲಿ ಬರುತ್ತದೆ ಎನ್ನುವ ದಾವೆ. ಅಳೆದು ವರದಿ ಕೊಡು ಎಂದು ಕೋರ್ಟು ಮಾಸ್ತಪ್ಪನನ್ನು ಕಳಿಸಿತ್ತು. ಜಗಳದ ನೆಲ ನೋಡಿದರೆ ನಗು ಬರಬೇಕು, ಒಂದು ಎತ್ತಿನ ಗಾಡಿ ತಿರುಗಿಸಲಿಕ್ಕೂ ಸಾಲದ ಪಟ್ಟಿ. ಆದರೆ ಆ ಸುತ್ತಿನಲ್ಲಿ ಎತ್ತರದ ನೆಲ ಅಂತ ಇದ್ದದ್ದು ಅದೊಂದೇ. ಮಳೆಗಾಲದಲ್ಲಿ ದೊಡ್ಡಬೀರಪ್ಪನ ನಲವತ್ತು ಕುರಿಗಳು ನಿಲ್ಲುತ್ತಿದ್ದ ದೊಡ್ಡಿ ಅದರ ಮೇಲೇ ಇತ್ತು. ಅದು ಹೋದರೆ ಉಳಿಯುವುದು ಕೆಳಗಿನ ಗದ್ದೆ ಬಯಲು. ಕೆಸರಿನಲ್ಲಿ ಎರಡು ತಿಂಗಳು ನಿಂತ ಕುರಿಯ ಗೊರಸು ಕೊಳೆಯುತ್ತದೆ, ಕುಂಟುತ್ತದೆ, ಆಮೇಲೆ ಮೇಯುವುದಿಲ್ಲ. ಇದನ್ನೆಲ್ಲ ದೊಡ್ಡಬೀರಪ್ಪ ಅವತ್ತು ಹೇಳಿರಲಿಲ್ಲ. ಕೈಕಟ್ಟಿ ನಿಂತಿದ್ದ, ಅಷ್ಟೆ. ಮಹೇಶ್ವರಪ್ಪನೇ ಹೇಳಿದ್ದ: “ಅವ್ನ್ ಕುರಿ ಮ್ಯಾಲೆ ನಂಗೇನ್ ದ್ವೇಷ ಐತ್ರಿ? ನಮ್ದು ಅಂದ್ರ ನಮ್ಗ ಬರ್ಲಿ, ಅವಂದು ಅಂದ್ರ ಅವಂಗ ಹೋಗ್ಲಿ. ನೀವ್ ಹೇಳಿದ್ದೇ ಕೊನಿ.”

ಬೆಳಗಿನಿಂದ ನಲವತ್ತು ಅಳತೆ ಮುಗಿದಿದ್ದವು. ಮೂವತ್ಮೂರು ಅಡಿಯ ಕಬ್ಬಿಣದ ಸರಪಳಿ, ಒಂದು ಸರಪಳಿಗೆ ಹದಿನಾರು ಆಣೆ. ಎರಡು ಸರಪಳಿ ಹದಿಮೂರು ಆಣೆ, ಒಂದು ಸರಪಳಿ ಏಳು ಆಣೆ, ಹೀಗೆ ಅವನು ಫೀಲ್ಡ್ ಬುಕ್ಕಿನಲ್ಲಿ ಬರೆಯುತ್ತ ಬಂದಿದ್ದ. ಕೊನೆಯದು ಉಳಿದಿತ್ತು. ಸರ್ವೆ ಕಲ್ಲಿನಿಂದ ಆಚೆ ತುದಿಗೆ ನೆಟ್ಟ ಬಾವುಟದವರೆಗೆ. ಗಡಿ ನಿಲ್ಲುವುದೇ ಅದರ ಮೇಲೆ. ನಡುವೆ ಚೌಡಮ್ಮನ ಬನ ಇತ್ತು. ಒಂದು ಮತ್ತಿ ಮರ, ಅದರ ಬುಡದಲ್ಲಿ ಕುಂಕುಮ ಹಚ್ಚಿದ ಮೂರು ಕಲ್ಲು, ಸುತ್ತ ಎದೆಯೆತ್ತರದ ಪೊದೆ. ಸರಪಳಿಯ ತುದಿ ಹಿಡಿದವನು ಬನದೊಳಕ್ಕೆ ಕಾಲಿಡಬೇಕು, ಅಷ್ಟರಲ್ಲಿ ದೊಡ್ಡಬೀರಪ್ಪ ಓಡಿಬಂದು ಅಡ್ಡ ನಿಂತ. “ಬ್ಯಾಡ್ರಿ ಸಾಹೇಬ್ರ, ಅಮ್ಮನ ಮೈ ಮ್ಯಾಲೆ ಕಬ್ಣ ಎಳೀಬ್ಯಾಡ್ರಿ. ನಿಮ್ ಕಾಲಿಗ್ ಬೀಳ್ತೀನಿ.” ತಲೆಗೆ ಸುತ್ತಿದ್ದ ವಲ್ಲಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ. ಮಹೇಶ್ವರಪ್ಪನೂ ಚಪ್ಪಲಿ ಬಿಟ್ಟು ನಿಂತಿದ್ದ, ಅವನಿಗೂ ಅದು ಸರಿ ಕಂಡಂತಿತ್ತು. ದಾವೆ ಹಾಕಿಕೊಂಡ ಇಬ್ಬರೂ ಅವತ್ತು ಒಪ್ಪಿದ ಮಾತು ಅದೊಂದೇ. ಮಾಸ್ತಪ್ಪ ಸರಪಳಿ ಸುತ್ತಿಸಿದ. ಕಲ್ಲಿನ ಪಕ್ಕ ನಿಂತು ಕಣ್ಣು ಕಿರಿದು ಮಾಡಿ ಬಾವುಟವನ್ನು ನೋಡಿದ. ಬಿಸಿಲಿಗೆ ಬಾವುಟ ಕುಣಿಯುತ್ತಿತ್ತು. ಮೂರು ಸರಪಳಿ, ಸೊನ್ನೆ ಆಣೆ ಎಂದು ಬರೆದ. ನೆಟ್ಟಗೆ ಬರೆದ. ಆ ಲೆಕ್ಕದಂತೆ ಗಡಿ ದೊಡ್ಡಿಯ ನಡುವೆ ಹಾಯ್ದು, ಕೇಸು ಮಹೇಶ್ವರಪ್ಪನ ಕಡೆಗಾಯಿತು.

ಅದಾಗಿ ಆರು ತಿಂಗಳಿಗೆ ಶಿವಮೊಗ್ಗದಲ್ಲಿ ಕಣ್ಣಿನ ಡಾಕ್ಟರು ಬಲಗಣ್ಣಿಗೆ ಬೆಳಕು ಬಿಟ್ಟು ನೋಡಿ, “ಪೊರೆ ಬಲ್ತು ಎರಡು ವರ್ಷನಾದ್ರೂ ಆಗಿರ್ಬೇಕಲ್ರೀ, ಗೊತ್ತೇ ಆಗ್ಲಿಲ್ವಾ?” ಎಂದಿದ್ದರು. ಗೊತ್ತಾಗಿರಲಿಲ್ಲ. ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಮೇಲೆ ಹಿತ್ತಲ ಬಾಗಿಲಲ್ಲಿ ನಿಂತು ಬಾವಿಯ ಕಡೆ ನೋಡಿದರೆ, ಬಾವಿ ಇದ್ದಲ್ಲಿ ಇರಲಿಲ್ಲ, ಹತ್ತಿರ ಬಂದು ಕೂತಿತ್ತು. ವರದಮ್ಮನನ್ನು ಕರೆದು, ಬಾವಿಕಟ್ಟೆ ಒಡೆದು ಕಟ್ಟಿಸಿದಿರೇನು ಎಂದು ಕೇಳಿದ್ದ. ಅವಳು ಬಿದ್ದು ಬಿದ್ದು ನಕ್ಕಿದ್ದಳು. ಅವನು ಮಾತ್ರ ಅವತ್ತು ಊಟ ಮಾಡಲಿಲ್ಲ. ಎರಡು ವರ್ಷ ಎಂದರೆ ಚೌಡಮ್ಮನ ಬನವೂ ಅದರೊಳಗೆ ಬಂತು. ಮೂರು ಆಣೆ ಆಚೀಚೆಯಾಗಿದ್ದರೂ ಸಾಕು, ಆರು ಅಡಿ, ಗಡಿ ದೊಡ್ಡಿಯ ಮಧ್ಯದಿಂದ ಸರಿದು ಹೊರಗೆ ಬೀಳುತ್ತದೆ. ಆಗಿತ್ತೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದೇ ಇರುವುದೇ ಅವನನ್ನು ಕೊರೆಯುತ್ತಿತ್ತು. ತಪ್ಪೆಂದು ಖಚಿತವಾಗಿದ್ದರೆ ಒಂದು ದಿನ ಅತ್ತು ಮುಗಿಸಬಹುದಿತ್ತು. ಇಷ್ಟಾದ ಮೇಲೂ, ಮರುವರ್ಷ ಕಟಕಟೆಯಲ್ಲಿ ನಿಂತಾಗ ದೊಡ್ಡಬೀರಪ್ಪನ ಮುದಿ ವಕೀಲರು ಆಕಳಿಸುತ್ತ, ಎಲ್ಲ ಅಳತೆಯನ್ನೂ ಸರಪಳಿಯಿಂದಲೇ ಮಾಡಿದ್ದೀರಿ ಅಲ್ಲವೇ ಎಂದು ಕೇಳಿದ್ದಕ್ಕೆ, ಹೌದು ಎಂದ. ಎಲ್ಲರೂ ಹೌದು ಎನ್ನುವ ಪ್ರಶ್ನೆ ಅದು. ಹಿಂದಿನ ಬೆಂಚಿನಲ್ಲಿ ದೊಡ್ಡಬೀರಪ್ಪ ಕೂತಿದ್ದ. ಈಗ ಎದ್ದು ಕೂಗುತ್ತಾನೆ, ಸುಳ್ಳು ಎನ್ನುತ್ತಾನೆ ಎಂದು ಮಾಸ್ತಪ್ಪ ಕಾದ. ಅವನು ಏಳಲಿಲ್ಲ. ಮಾಸ್ತಪ್ಪನನ್ನೇ ನೋಡಿ, ಆಮೇಲೆ ತನ್ನ ಕಾಲಿನ ಹೆಬ್ಬೆರಳು ನೋಡಿಕೊಂಡ. ಆ ನೋಟ ಆರು ವರ್ಷದಿಂದ ಮಾಸ್ತಪ್ಪನ ಜೊತೆಗಿತ್ತು.

ಕೋರ್ಟಿನ ವರಾಂಡದಲ್ಲಿ ಮೊದಲು ಎದುರಾದದ್ದು ಮಹೇಶ್ವರಪ್ಪ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ. “ನಮಸ್ಕಾರ ಸಾಹೇಬ್ರ. ಈ ವಯಸ್ನಾಗ ನಿಮ್ಮನ್ನ ಅಲೆಸ್ತಾರ ನೋಡ್ರಿ. ನಿಮ್ ಮಾತು ನಂಬಿ ಬೇಲಿಗೆ ಕಲ್ಲುಕಂಬ ತರ್ಸಿ ಇಟ್ಟೀನಿ, ಮೂರ್ ಮಳೆಗಾಲ ಆತು, ಹಂಗೇ ಬಿದ್ದಾವ” ಎಂದ. ನಂಬಿ ಎನ್ನುವ ಮಾತನ್ನು ಒತ್ತಿ ಹೇಳಲಿಲ್ಲ, ನೀರು ಕುಡಿದಷ್ಟು ಸಹಜವಾಗಿ ಹೇಳಿದ. ಅವನು ಲಂಚ ಕೊಟ್ಟಿದ್ದರೆ ಎಷ್ಟು ಸುಲಭವಾಗಿತ್ತು ಎಂದು ಮಾಸ್ತಪ್ಪನಿಗೆ ಅನ್ನಿಸಿತು. ಅವತ್ತು ಕೊಟ್ಟದ್ದು ಒಂದು ಲೋಟ ಮಜ್ಜಿಗೆ, ಅದನ್ನು ದೊಡ್ಡಬೀರಪ್ಪನಿಗೂ ಕೊಟ್ಟಿದ್ದ. ವರಾಂಡದ ಇನ್ನೊಂದು ತುದಿಯಲ್ಲಿ ದೊಡ್ಡಬೀರಪ್ಪ ಕಂಬಕ್ಕೆ ಒರಗಿ ಕೂತಿದ್ದ, ಹೆಗಲ ಮೇಲೆ ಕಂಬಳಿ. ತುಂಬಾ ಇಳಿದುಹೋಗಿದ್ದ. ಅವನ ಪಕ್ಕ ನಿಂತು ಕಾಗದ ತಿರುವುತ್ತಿದ್ದವಳು ಅವನ ಹೊಸ ವಕೀಲೆ ಚೈತ್ರಶ್ರೀ. ಮುದಿ ವಕೀಲರು ತೀರಿಕೊಂಡ ಮೇಲೆ ಫೈಲು ಇವಳ ಕೈಗೆ ಬಂದಿತ್ತು. ಅವಳ ಕೈಯಲ್ಲಿ ಇದ್ದದ್ದು ತನ್ನ ಫೀಲ್ಡ್ ಬುಕ್ಕೇ ಎಂದು ಮಾಸ್ತಪ್ಪನಿಗೆ ಅಷ್ಟು ದೂರದಿಂದಲೂ ಗುರುತು ಸಿಕ್ಕಿತು. ಹೊಸ ಕಣ್ಣು ಚೆನ್ನಾಗಿಯೇ ಇತ್ತು, ಈಗ.

ಒಳಗೆ ಫ್ಯಾನು ಸದ್ದು ಮಾಡುತ್ತಿತ್ತು. ನ್ಯಾಯಾಧೀಶರು ನಡುವಯಸ್ಸಿನ ಹೆಂಗಸು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಚೈತ್ರಶ್ರೀ ಎದ್ದು ಹೇಳಿದಳು: “ಮೇಡಂ, ಈ ಪುಸ್ತಕದಲ್ಲಿ ನಲವತ್ತೊಂದು ಅಳತೆ ಇದಾವೆ. ನಲವತ್ತರಲ್ಲೂ ಆಣೆ ಲೆಕ್ಕ ಇದೆ. ಗಡಿ ನಿರ್ಧಾರ ಮಾಡೋ ಕೊನೇದ್ರಲ್ಲಿ ಮಾತ್ರ ಸೊನ್ನೆ. ಆ ಗೆರೆ ಹಾಯೋದು ಪೊದೆ ಇರೋ ಜಾಗದಲ್ಲಿ. ಕೆಳಗಿನ ಕೋರ್ಟು ಇವರ ಅನುಭವ ಎಷ್ಟು ವರ್ಷದ್ದು ಅಂತ ನೋಡಿತು, ಅಳೆದದ್ದು ಹೇಗೆ ಅಂತ ಕೇಳಲೇ ಇಲ್ಲ.” ಮಹೇಶ್ವರಪ್ಪನ ವಕೀಲ ನಾಗರಾಜ್ ಎದ್ದ. ಸಾಕ್ಷಿಯನ್ನು ಕಣ್ಣಾರೆ ಕಂಡು ನಂಬಿದ್ದು ಕೆಳಗಿನ ನ್ಯಾಯಾಲಯ, ಮೇಲ್ಮನವಿಯಲ್ಲಿ ಕೂತು ಕಾಗದ ನೋಡಿ ತಜ್ಞರನ್ನು ಸುಳ್ಳುಗಾರ ಮಾಡಲು ಬರುವುದಿಲ್ಲ, ಅಳತೆ ದುಂಡಗೆ ಬಂದದ್ದು ಅಪರಾಧವೇ ಎಂದ. ಚೆನ್ನಾಗಿಯೇ ವಾದಿಸಿದ. ಕೇಳುತ್ತ ಕೇಳುತ್ತ ಮಾಸ್ತಪ್ಪನಿಗೆ ಆ ತಜ್ಞ ಬೇರೆ ಯಾರೋ, ತಿಳಿದವನು, ಒಳ್ಳೆಯವನು ಅನ್ನಿಸಿತು. ಅವನ ಹಿಂದೆ ಅವಿತುಕೊಳ್ಳಬಹುದಿತ್ತು. ಇನ್ನೊಂದು ಹೌದು, ಅಷ್ಟೇ ಸಾಕಿತ್ತು. ಈ ಅರವತ್ತೈದಕ್ಕೆ ಬಂದು ಸುಳ್ಳುಸಾಕ್ಷಿ ಅನ್ನಿಸಿಕೊಂಡು ಕುಪ್ಪಗಡ್ಡೆಯ ಬಸ್ ಸ್ಟಾಂಡಿನಲ್ಲಿ ಇಳಿಯುವುದು ಹೇಗೆ? ಅವನು ಅಳೆದುಕೊಟ್ಟ ಸಾವಿರ ಗಡಿಗಳ ಜನ ನಾಳೆ ಬಂದು, ನಮ್ಮದನ್ನೂ ಕಣ್ಣಲ್ಲೇ ಅಳೆದಿರೇನು ಎಂದರೆ? ಟ್ರಂಕಿನಲ್ಲಿರುವ ಒಂಬತ್ತನೇ ಪುಟ ಏನಾಗಬೇಕು?

ದೇವರ ಮೇಲೆ ಪ್ರಮಾಣ ಮಾಡಿಸಿದರು. ಯಾವ ದೇವರು ಎಂದು ಯಾರೂ ಕೇಳುವುದಿಲ್ಲ. ಮಾಸ್ತಪ್ಪನ ಕಣ್ಣ ಮುಂದೆ ಬಂದದ್ದು ಮೂರು ಕಲ್ಲು.

“ಈ ಕೊನೆಯ ಅಳತೆ, ಇದನ್ನು ಸರಪಳಿ ಎಳೆದು ತೆಗೆದುಕೊಂಡಿರಾ?” ನ್ಯಾಯಾಧೀಶರೇ ಕೇಳಿದರು.

ಅವನು ದೊಡ್ಡಬೀರಪ್ಪನ ಕಡೆ ನೋಡಿದ. ದೊಡ್ಡಬೀರಪ್ಪ ಸಣ್ಣಗೆ, ಯಾರಿಗೂ ಕಾಣದಷ್ಟು ಸಣ್ಣಗೆ ತಲೆ ಆಡಿಸಿದ, ಬೇಡ ಎನ್ನುವ ಹಾಗೆ. ಮಾಸ್ತಪ್ಪನಿಗೆ ಈಗ ಅರ್ಥವಾಯಿತು. ಇಷ್ಟು ವರ್ಷ ಈ ಮನುಷ್ಯ ತನ್ನ ವಕೀಲರಿಗೂ ಹೇಳದೆ ಕೂತದ್ದು ಅಮ್ಮನ ಹೆಸರು ಕೋರ್ಟಿಗೆ ಬರಬಾರದು ಎಂದು. ಅದಕ್ಕಾಗಿ ದೊಡ್ಡಿ ಹೋದರೂ ಹೋಗಲಿ ಎಂದು. ಅವನ ಭಕ್ತಿಯ ಮರೆಯಲ್ಲಿ ತಾನು ಆರಾಮವಾಗಿ ಪಿಂಚಣಿ ತಿಂದ.

“ಇಲ್ಲ ಮೇಡಂ,” ಎಂದ.

ನಾಗರಾಜ್ ಹಣೆ ಗಂಟಿಕ್ಕಿ ತಿರುಗಿದ.

“ಯಾಕೆ?” ನ್ಯಾಯಾಧೀಶರು ಕೇಳಿದರು.

“ಅಲ್ಲಿ ದೇವರಿತ್ತು. ಅದರ ಮೇಲೆ ಸರಪಳಿ ಎಳೀಬಾರ್ದು ಅಂತ…” ಎಂದು ಶುರು ಮಾಡಿದ. ಶುರು ಮಾಡಿದ್ದೇ ತಡ, ಇದೂ ಸುಳ್ಳು ಎಂದು ಅವನಿಗೆ ಹೊಳೆಯಿತು. ಆರು ವರ್ಷ ತನಗೆ ತಾನೇ ಹೇಳಿಕೊಂಡು ಬಂದಿದ್ದ ಸುಳ್ಳು.

“ಜಾಗಕ್ಕೆ ಅಡ್ಡಿ ಇದ್ದರೆ ಸುತ್ತು ಹಾಕಿ ಅಳೆಯೋ ಕ್ರಮ ನಿಮ್ಮ ಇಲಾಖೆಯಲ್ಲಿ ಇಲ್ವಾ?”

“ಇದೆ ಮೇಡಂ. ಪಕ್ಕಕ್ಕೆ ಮೂಲೆ ತಿರುಗಿಸಿ, ಸುತ್ತಿ ಬಂದು ಲೆಕ್ಕ ಹಾಕ್ಬಹುದು. ಅರ್ಧ ಗಂಟೆ ಕೆಲಸ. ದೇವರನ್ನ ಮುಟ್ಟೋದೇ ಬೇಕಾಗಿರ್ಲಿಲ್ಲ. ನಾನು ಮಾಡ್ಲಿಲ್ಲ. ಕಣ್ಣಲ್ಲೇ ನೋಡಿ ಬರೆದೆ. ನನ್ನ ಕಣ್ಣಿನ ಮೇಲೆ ನಂಗೆ ಅಷ್ಟು ಸೊಕ್ಕಿತ್ತು. ಆಗ ಬಲಗಣ್ಣಲ್ಲಿ ಪೊರೆ ಬಂದಿತ್ತು ಅಂತ ಆಮೇಲೆ ಗೊತ್ತಾಯ್ತು. ಗೊತ್ತಾದ ಮೇಲೂ ಕೆಳಗಿನ ಕೋರ್ಟಲ್ಲಿ ಹೌದು ಅಂದೆ.”

ನಾಗರಾಜ್ ಎದ್ದು ನಿಂತ. ಸೌಜನ್ಯದ ಧ್ವನಿಯಲ್ಲೇ ಕೇಳಿದ, ಅದು ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು. “ಮಾಸ್ತಪ್ಪನವರೇ, ಈ ಹೊಸ ಕತೆ ಹೇಳೋದಕ್ಕೆ ಎದುರುಪಾರ್ಟಿಯವರು ನಿಮಗೆ ಎಷ್ಟು ಕೊಟ್ರು?” ಹಿಂದಿನಿಂದ ಯಾರೋ ಕಿಸಕ್ಕೆಂದರು. ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಸಮನ್ಸು ಬಂದ ಹನ್ನೆರಡು ದಿನದಿಂದ ಮಾಸ್ತಪ್ಪ ಉತ್ತರ ತಯಾರು ಮಾಡಿಕೊಂಡಿದ್ದ, ಮೂವತ್ತೊಂದು ವರ್ಷ, ಒಂದು ಕಳಂಕ ಇಲ್ಲ, ಅಂತ ಏನೇನೋ. ಒಂದೂ ನೆನಪಿಗೆ ಬರಲಿಲ್ಲ. “ಏನೂ ಇಲ್ಲ,” ಎಂದ. ಅದು ತೀರ ಸಣ್ಣದಾಗಿ ಕೇಳಿತು.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. “ಅವರು ಕೇಳಿದ್ದರಲ್ಲಿ ಒಂದು ಅರ್ಥ ಇದೆ. ಆಗ ಪ್ರಮಾಣ ಮಾಡಿ ಹೌದು ಅಂದ್ರಿ, ಈಗ ಪ್ರಮಾಣ ಮಾಡಿ ಇಲ್ಲ ಅಂತಿದೀರಿ. ಇವತ್ತಿನದೇ ನಿಜ ಅಂತ ಈ ಕೋರ್ಟು ಹೇಗೆ ನಂಬಬೇಕು?”

“ನಂಬಬೇಡಿ ಮೇಡಂ,” ಎಂದ ಮಾಸ್ತಪ್ಪ. “ನನ್ನನ್ನ ನಂಬಬೇಡಿ ಅಂತ ಹೇಳೋದಕ್ಕೇ ಬಂದಿದೀನಿ. ಬೇರೆಯವರನ್ನ ಕಳಿಸಿ ಅಳೆಸಿ.”

ನ್ಯಾಯಾಧೀಶರು ಬೆರಳಚ್ಚಿನವರಿಗೆ ಹೇಳಿ ಬರೆಸಿದರು: ಸಾಕ್ಷಿಯ ವರದಿ ಅವಲಂಬನೆಗೆ ಯೋಗ್ಯವಲ್ಲ, ಬೇರೆ ಭೂಮಾಪಕರಿಂದ, ಉಭಯ ಪಕ್ಷಗಾರರ ಎದುರು ಮರು ಅಳತೆ, ಅಲ್ಲಿಯವರೆಗೆ ದೊಡ್ಡಿಯನ್ನು ತೆರವು ಮಾಡತಕ್ಕದ್ದಲ್ಲ. ಕೆಳಗಿನ ಕೋರ್ಟಿನಲ್ಲಿ ಸುಳ್ಳು ಹೇಳಿದ್ದರ ಬಗ್ಗೆ ಯಾಕೆ ಕ್ರಮ ಜರುಗಿಸಬಾರದು ಎಂದು ಸಾಕ್ಷಿಗೆ ನೋಟಿಸು. ಎಲ್ಲ ಸೇರಿ ಎಂಟು ಸಾಲು. ಗುಮಾಸ್ತ ಹೇಳಿಕೆಯ ಹಾಳೆ ಮುಂದೆ ಹಿಡಿದು ರುಜು ಎಲ್ಲಿ ಎಂದು ಬೆರಳಿಟ್ಟು ತೋರಿಸಿದ, ತೋರಿಸದಿದ್ದರೆ ಇವನಿಗೆ ತಿಳಿಯದೇನೋ ಎಂಬಂತೆ. ಮಾಸ್ತಪ್ಪ ರುಜು ಹಾಕಿದ.

ಹೊರಗೆ ಮಹೇಶ್ವರಪ್ಪ ಅವನನ್ನು ದಾಟಿಕೊಂಡು ಹೋದ, ನಾಲ್ಕು ಹೆಜ್ಜೆ ಹೋದವನು ನಿಂತ. “ಅವತ್ತೇ ಹೇಳಿದ್ರ ಆಗ್ತಿತ್ತಲ್ರಿ,” ಎಂದ. “ನಾನೂ ಅರ್ಧ ತಾಸು ಕಾಯ್ತಿದ್ದೆ.” ಬೈಗುಳವಿರಲಿಲ್ಲ. ಮಾಸ್ತಪ್ಪ ಕೈ ಮುಗಿದ. ಮಹೇಶ್ವರಪ್ಪ ಆ ಕೈಗಳನ್ನು ನೋಡಿ, ತಲೆ ತಗ್ಗಿಸಿ ನಡೆದ.

ಮಾಸ್ತಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟ. ಸಂಜೆ ವರದಮ್ಮನಿಗೆ ಏನು ಹೇಳುವುದು, ಟ್ರಂಕಿನ ಕಾಗದ ಅವಳೇ ತೆಗೆದು ಒಲೆಗೆ ಹಾಕುತ್ತಾಳೋ, ಅಥವಾ ಹಾಗೇ ಮಡಚಿ ಇಡುತ್ತಾಳೋ. ಇಡುತ್ತಾಳೆ ಅನ್ನಿಸಿತು, ಅವಳು ಯಾವುದನ್ನೂ ಎಸೆಯುವವಳಲ್ಲ. ಕಂಬಳಿಯ ವಾಸನೆ ಬಂತು. ದೊಡ್ಡಬೀರಪ್ಪ ಪಕ್ಕದಲ್ಲಿ, ಒಂದು ಮೆಟ್ಟಿಲು ಕೆಳಗೆ ಕೂತಿದ್ದ.

“ಬ್ಯಾಡ ಅಂತ ತಲಿ ಅಲ್ಲಾಡ್ಸಿದೆ, ನೀವು ಕೇಳ್ಲಿಲ್ಲ,” ಎಂದ.

“ನಿನ್ನ ಅಮ್ಮನ್ನ ಕೋರ್ಟಿಗೆ ಎಳೆದುಬಿಟ್ಟೆ ಬೀರಪ್ಪ.”

“ಎಳೀಲಿಲ್ಲ ಬಿಡ್ರಿ. ಕೇಳಿಸ್ಕಂಡೆ ನಾನು. ಸೊಕ್ಕು ನಂದು ಅಂದ್ರಿ. ಅಮ್ಮನ ಮ್ಯಾಲೆ ಹಾಕ್ಲಿಲ್ಲ.” ಅವನು ಕಂಬಳಿಯ ಅಂಚಿನಿಂದ ಒಂದು ಹುಲ್ಲಿನ ಮುಳ್ಳು ಕಿತ್ತ. “ನಾನೂ ಒಂದು ತಪ್ಪು ಮಾಡೀನ್ರಿ ಸಾಹೇಬ್ರ. ನಮ್ಮಾಗ ಒಂದ್ ಕುರಿ ಮಾರ್ಬೇಕಂದ್ರೂ ಅಮ್ಮನ ಮುಂದ ಹೂ ಕೇಳ್ತೀವಿ. ಬಲಕ್ಕ ಬಿದ್ರ ಆತು, ಎಡಕ್ಕ ಬಿದ್ರ ಬ್ಯಾಡ. ಅವತ್ತು ನಾನು ಹೂವೇ ಇಡ್ಲಿಲ್ಲ. ಎಳೀಬ್ಯಾಡ್ರಿ ಅಂತ ನಾನೇ ಹೇಳ್ಬಿಟ್ಟೆ. ಅಮ್ಮನ ಕೇಳಿದ್ರ, ಎಳೀಲಿ ಬಿಡೋ, ನಂಗೇನ್ ನೋವಾಗ್ತೈತಿ ಅಂತಿದ್ಲೋ ಏನೋ. ಏಳ್ ವರ್ಷ ನಡದ್ವಿ ನೀವೂ ನಾನೂ, ಕೇಳ್ದಂಗ.”

ಮಾಸ್ತಪ್ಪನಿಗೆ ಅಳು ಬಂತು. ತಡೆಯಲಿಲ್ಲ. ಕೋರ್ಟಿನ ಮೆಟ್ಟಿಲ ಮೇಲೆ ಅಳುವವರನ್ನು ಯಾರೂ ತಿರುಗಿ ನೋಡುವುದಿಲ್ಲ, ದಿನಾ ಯಾರಾದರೂ ಅಳುತ್ತಿರುತ್ತಾರೆ. ದೊಡ್ಡಬೀರಪ್ಪ ಸುಮ್ಮನೆ ಎದುರಿನ ಗೇಟು ನೋಡುತ್ತ ಕೂತಿದ್ದ. ಅಳು ನಿಂತ ಮೇಲೆ, “ಹೊಸ ಸಾಹೇಬ್ರು ಬಂದಾಗ ನೀವೂ ಬರ್ರಿ. ಮೊದ್ಲು ಹೂ ಇಡಾಣ,” ಎಂದ.

“ಅಳತೆ ಬಂದು, ದೊಡ್ಡಿ ನಿಂದಲ್ಲ ಅಂದ್ರೆ?”

“ಅಂದ್ರ ಅಲ್ಲ. ಅವಾಗ ಕೀಳ್ತೀನಿ. ಅಳದು ಹೇಳಿದ್ರ ಕೀಳ್ತೀನಿ.”

ಎದ್ದರು. ದೊಡ್ಡಬೀರಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. ಅವನ ಮುಖದಲ್ಲಿ ಏನೋ ಒಂದು ತುಂಟತನ ಬಂದು ಹೋಯಿತು, ಮದುವೆ ಚಪ್ಪರದಲ್ಲಿ ಜನರಿಗೆ ಬರುತ್ತಿದ್ದಂಥದ್ದು. ಅಥವಾ ಸುಮ್ಮನೆ ಮಾತಿಗೆ ಕೇಳಿದನೋ ಏನೋ.

“ಇಲ್ಲಿಂದ ಆ ಗೇಟಿಗೆ ಎಷ್ಟಾಗ್ತೈತ್ರಿ ಸಾಹೇಬ್ರ?”

ಮಾಸ್ತಪ್ಪನ ಕಣ್ಣು ಅಭ್ಯಾಸಬಲದಿಂದ ಕಿರಿದಾಯಿತು. ಗೇಟು, ಅದರಾಚೆ ಆಟೋ, ನಡುವೆ ಒಂದು ಬೇವಿನ ಮರ. ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಸಂಖ್ಯೆ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ನುಂಗಿಕೊಂಡ.

“ಗೊತ್ತಿಲ್ಲ ಬೀರಪ್ಪ,” ಎಂದ. “ಅಳೀಬೇಕು.”

ದೊಡ್ಡಬೀರಪ್ಪ ಮೆಟ್ಟಿಲಿಳಿದು ಗೇಟಿನ ಕಡೆ ಒಂದೊಂದೇ ಹೆಜ್ಜೆ ಇಡುತ್ತ, ಕೇಳಿಸುವ ಹಾಗೆ ಎಣಿಸತೊಡಗಿದ. ಮಾಸ್ತಪ್ಪ ಹಿಂದಿನಿಂದ ಹೊರಟು, ನಾಲ್ಕನೆಯದಕ್ಕೆ ಅವನೊಂದಿಗೆ ದನಿ ಸೇರಿಸಿದ.